ಮನೆಯಲ್ಲೇ ಹಣ್ಣಿನ ಕುಲ್ಫಿ ಮಾಡುವ ಕ್ರಮ

ವೈಶಾಖ ಮಾಸ ಕಾಲಿಟ್ಟಿತೆಂದರೆ ಕಾಶಿಯಲ್ಲಿ ನೆಲೆಸಿದ ನಮ್ಮವರಿಗೆ ಎರಡು ಚಿಂತೆಗಳು. ಒಂದು, ಮಧ್ಯಾಹ್ನದ ‘ಲೂ’ ಗಾಳಿ. ಇನ್ನೊಂದು, ಸಂಜೆಯ ಹೊತ್ತಿಗೆ ಗಲ್ಲಿಯ ಬಾಯಲ್ಲಿ ಬಂದು ನಿಲ್ಲುವ ಬರಫಿನ ಗಾಡಿ. ಮೊದಲನೆಯದರಿಂದ ತಲೆಗೆ ವಸ್ತ್ರ ಸುತ್ತಿಕೊಂಡು, ನೀರು ಕುಡಿದು ಹೇಗೋ ಪಾರಾಗಬಹುದು. ಎರಡನೆಯದರಿಂದ ಮಕ್ಕಳನ್ನು ಪಾರುಮಾಡುವುದು ಕಷ್ಟ. ಮಕ್ಕಳ ಮಾತೇಕೆ? ಲೋಕೋಮೋಟಿವ್ ಕಾರ್ಖಾನೆಯಿಂದಲೋ ಆಫೀಸಿನಿಂದಲೋ ಸೈಕಲ್ ತುಳಿದು ಬೆವರಿಳಿಸಿಕೊಂಡು ಬಂದ ದೊಡ್ಡವರಿಗೂ ಆ ಕೆಂಪು ಹಸಿರು ಬಣ್ಣದ ಗೋಲಾ ಕಂಡರೆ ನಾಲಗೆ ತಡೆಯದು.

ನಾನು ಈ ಊರಿಗೆ ಹೊಸದಾಗಿ ಬಂದ ವರ್ಷ ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಇಬ್ಬರು ಸೇರಿ ಒಂದು ಕೋಣೆ ಹಿಡಿದಿದ್ದೆವು. ನನ್ನ ಜೊತೆಗಾರನಿಗೆ ದಿನವೂ ಒಂದು ಗೋಲಾ ಆಗಲೇಬೇಕು. ಜ್ಯೇಷ್ಠದಲ್ಲಿ ಅವನಿಗೆ ಜ್ವರ ಬಂತು. ಅದು ವಿಷಮಶೀತಜ್ವರವೆಂದು, ಅಂದರೆ ಟೈಫಾಯ್ಡ್ ಎಂದು, ಗೊತ್ತಾಗುವಷ್ಟರಲ್ಲಿ ವಾರ ಕಳೆದಿತ್ತು. ದಿನಗೂಲಿಯ ಕೆಲಸ, ಮಲಗಿದ ಒಂದು ತಿಂಗಳ ಸಂಬಳವೂ ಹೋಯಿತು, ಔಷಧಕ್ಕೆ ಸಾಲವೂ ಆಯಿತು. ಊರಿನಲ್ಲಿ ಅವನ ತಾಯಿಗೆ ಆ ತಿಂಗಳು ಹಣ ಹೋಗಲಿಲ್ಲ. ಗೋಲಾದಿಂದಲೇ ಜ್ವರ ಬಂತೆಂದು ನಾನು ಪ್ರಮಾಣಮಾಡಿ ಹೇಳಲಾರೆ. ಆದರೆ ನೋಡಲು ಬಂದ ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಹೊರಗಡೆ ಬರಫ್ ತಿಂದಿದ್ದಾನೆಯೇ?” ಎಂಬುದೇ.

ನೀರು ಹೆಪ್ಪುಗಟ್ಟಿದ ಮೇಲೆ ಅದರೊಳಗಿನ ರೋಗಾಣುಗಳೆಲ್ಲ ಸತ್ತುಹೋಗುತ್ತವೆಂದು ನಮ್ಮಲ್ಲಿ ಹಲವರ ನಂಬಿಕೆ. ಇದು ತಪ್ಪು. ನ್ಯೂಯಾರ್ಕಿನ ವೈದ್ಯ ಪ್ರಡನ್ ಎಂಬುವರು 1887ರಲ್ಲೇ ಪ್ರಯೋಗಮಾಡಿ, ವಿಷಮಶೀತಜ್ವರದ ಅಣುಗಳು ಮಂಜುಗಡ್ಡೆಯೊಳಗೆ ತಿಂಗಳುಗಟ್ಟಲೆ ಜೀವದಿಂದಿರಬಲ್ಲವೆಂದು ತೋರಿಸಿದರು. ಕುದಿಸಿದರೆ ಸಾಯುವ ಅಣು ತಣಿಸಿದರೆ ನಿದ್ದೆಮಾಡುತ್ತದೆ, ಅಷ್ಟೆ. ಬಾಯಿಗೆ ಬಿದ್ದು ಬೆಚ್ಚಗಾದೊಡನೆ ಎದ್ದು ಕೂರುತ್ತದೆ. ಗಲ್ಲಿಯಲ್ಲಿ ಸಿಗುವ ದೊಡ್ಡ ‘ಸಿಲ್ಲಿ’ಯನ್ನು ಮೀನು ಕೆಡದಂತಿಡಲು, ಬಾಟಲಿಗಳನ್ನು ತಣ್ಣಗಿಡಲು ತಯಾರಿಸಿರುವುದೇ ಹೆಚ್ಚು. ಗೋಣಿ ಸುತ್ತಿ, ಹೊಟ್ಟು ಮೆತ್ತಿ, ನೆಲದ ಮೇಲೆ ಎಳೆದು ತಂದ ಸಿಲ್ಲಿ ಅದು. ಮಹಾರಾಷ್ಟ್ರದ ಆಹಾರ ಇಲಾಖೆಯವರು 2018ರಲ್ಲಿ, ತಿನ್ನುವುದಕ್ಕಲ್ಲದ ಬರಫಿಗೆ ನೀಲಿ ಬಣ್ಣ ಬೆರೆಸಬೇಕೆಂದು ನಿಯಮಮಾಡಿದ್ದು ಈ ಗೊಂದಲ ತಪ್ಪಲೆಂದೇ. ನಿಮ್ಮ ಗಲ್ಲಿಯ ಸಿಲ್ಲಿಗೆ ಬಣ್ಣವಿಲ್ಲವೆಂಬ ಮಾತ್ರಕ್ಕೆ ಅದು ತಿನ್ನಲು ಯೋಗ್ಯವೆಂದು ತಿಳಿಯಬೇಡಿ.

ಹಾಗಾದರೆ ಬರಫ್ ಬೇಡವೇ ಬೇಡವೆ? ಬೇಕು, ಆದರೆ ಪಾತ್ರೆಯ ಹೊರಗೆ ಬೇಕು. ಹಣ್ಣು, ಹಾಲು, ಕುದಿಸಿ ಆರಿಸಿದ ನೀರು, ಇವಿಷ್ಟೇ ಪಾತ್ರೆಯ ಒಳಗೆ. ಈ ಪಾಠದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು. ಉಳಿದುದೆಲ್ಲ ಕೈಯ ಅಭ್ಯಾಸ.

ಈ ವಿದ್ಯೆ ನಮ್ಮ ನೆರೆಯಲ್ಲೇ ಹಳೆಯದು. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪಿನಿಂದ ನೀರನ್ನು ತಣಿಸುತ್ತಿದ್ದರೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಇಂದು ಪ್ರಯಾಗರಾಜ್ ಎನ್ನಿಸಿಕೊಳ್ಳುವ ಅಲಹಾಬಾದಿನಲ್ಲಿ ಯಂತ್ರವೇ ಇಲ್ಲದೆ ಮಂಜುಗಡ್ಡೆ ಮಾಡುತ್ತಿದ್ದುದನ್ನು ಸರ್ ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಸೇನಾಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ್ದಾನೆ. ಬಯಲಿನಲ್ಲಿ ಎರಡಡಿ ಆಳದ ಅಗಲವಾದ ಗುಂಡಿ ತೋಡುವುದು. ಅದರಲ್ಲಿ ಒಣಗಿದ ಕಬ್ಬಿನ ಅಥವಾ ಜೋಳದ ದಂಟು ಹಾಸುವುದು. ಮೇಲೆ ಸಣ್ಣ ಸಣ್ಣ ಮಣ್ಣಿನ ತಟ್ಟೆಗಳಲ್ಲಿ ಕುದಿಸಿ ಆರಿಸಿದ ನೀರನ್ನು ಸಂಜೆ ಹೊಯ್ದಿಡುವುದು. ಮಾಘದ ಮೋಡವಿಲ್ಲದ ರಾತ್ರಿಯಲ್ಲಿ ನೀರಿನ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ, ಕೆಳಗಿನ ದಂಟು ನೆಲದ ಶಾಖವನ್ನು ತಡೆಯುತ್ತದೆ. ಸೂರ್ಯೋದಯಕ್ಕೆ ಮೊದಲು ತಟ್ಟೆಗಳಲ್ಲಿ ಕಟ್ಟಿದ ಮಂಜನ್ನು ಬಡಿದು ಆಳವಾದ ಹಳ್ಳದಲ್ಲಿ ಹುಲ್ಲು ಕಂಬಳಿಗಳ ನಡುವೆ ತುಂಬಿಟ್ಟರೆ ಅದು ಬೇಸಗೆಗೆ ಸಿಗುತ್ತಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಮಂಜುಗಡ್ಡೆ ಬಂದಿಳಿಯುವುದಕ್ಕೆ ಬಹಳ ಮುಂಚಿನ ಮಾತಿದು. ಚಳಿಗಾಲದಲ್ಲಿ ಇಲ್ಲಿನ ಮಲೈಯೋ ತಿಂದವರಿಗೆ ಆ ರಾತ್ರಿಗಳ ತಂಪು ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಬಾರ್ಕರ್ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ನಮಗೆ ಬೇಕಾದುದು ಅದೇ. ಶರಬತ್ತು, ಕೆನೆ ಮುಂತಾದುವನ್ನು ಶಂಕುವಿನಾಕಾರದ ತೆಳು ಬೆಳ್ಳಿಯ ಬಟ್ಟಲುಗಳಲ್ಲಿ ತುಂಬಿ, ಮುಚ್ಚಳದ ಸಂದಿಗೆ ಹಿಟ್ಟಿನ ಕಣಕ ಮೆತ್ತಿ, ಮಂಜುಗಡ್ಡೆ, ಪೆಟ್ಲುಪ್ಪು, ಅಡಿಗೆಯ ಉಪ್ಪು ಇವುಗಳನ್ನು ತುಂಬಿದ ದೊಡ್ಡ ಪಾತ್ರೆಯಲ್ಲಿ ಹೂಳುತ್ತಿದ್ದರು. ಇಂದಿಗೂ ಮಡಕೆಯಲ್ಲಿ ಕುಲ್ಫಿ ಹೊತ್ತು ಮಾರುವವನ ತಗಡಿನ ಅಚ್ಚನ್ನು ನೋಡಿ: ಅದೇ ಶಂಕು, ಅದೇ ಮುಚ್ಚಳ, ಅದೇ ಉಪ್ಪು. ಬೆಳ್ಳಿ ಹೋಗಿ ತಗಡು ಬಂದಿದೆ.

ಉಪ್ಪು ಏಕೆ? ಮಂಜುಗಡ್ಡೆ ಕರಗುವುದಕ್ಕೆ ಶಾಖ ಬೇಕು. ಅದನ್ನು ಅದು ಪಕ್ಕದಲ್ಲಿರುವ ವಸ್ತುವಿನಿಂದ ಕಿತ್ತುಕೊಳ್ಳುತ್ತದೆ. ಬರಿಯ ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗುತ್ತ ಅಲ್ಲಿಯೇ ನಿಲ್ಲುತ್ತದೆ. ಸಕ್ಕರೆ ಬೆರೆತ ಹಣ್ಣಿನ ರಸವಾದರೋ ಸೊನ್ನೆಯಲ್ಲಿ ಗಟ್ಟಿಯಾಗದು, ಇನ್ನೂ ಕೆಳಗಿಳಿಯಬೇಕು. ಆದುದರಿಂದ ಬರಿಯ ಬರಫಿನಲ್ಲಿ ದಿನವೆಲ್ಲ ಹೂತಿಟ್ಟರೂ ನಿಮಗೆ ಸಿಗುವುದು ತಣ್ಣನೆಯ ಪಾನಕವೇ. ಉಪ್ಪು ಬಿದ್ದೊಡನೆ ಮಂಜುಗಡ್ಡೆ ಸೊನ್ನೆಗಿಂತ ಕೆಳಗಿದ್ದರೂ ಕರಗಲು ತೊಡಗುತ್ತದೆ, ಕರಗುತ್ತ ಶಾಖ ಹೀರುತ್ತದೆ, ಹೀರುತ್ತ ಇನ್ನೂ ತಣ್ಣಗಾಗುತ್ತದೆ. ಅಡಿಗೆಯ ಉಪ್ಪಿನಿಂದ ಹೆಚ್ಚೆಂದರೆ ಸೊನ್ನೆಯ ಕೆಳಗೆ 21 ಡಿಗ್ರಿಯವರೆಗೆ ಇಳಿಯಬಹುದು. ನಮ್ಮ ಮಡಕೆಯಲ್ಲಿ ಹತ್ತು ಹನ್ನೆರಡು ಡಿಗ್ರಿ ಇಳಿದರೆ ಕೆಲಸವಾಯಿತು.

ಲೆಕ್ಕದ ಗುಮಾಸ್ತರಿಗಾಗಿ ಒಂದು ಲೆಕ್ಕ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 80 ಪಾಲು ಶಾಖ ನುಂಗುತ್ತದೆ. ಒಂದು ಕಿಲೋ ಮಾವು ಬೆರೆತ ಹಾಲನ್ನು 30 ಡಿಗ್ರಿಯಿಂದ ಸೊನ್ನೆಗೆ ತರಲು ಹೆಚ್ಚುಕಡಿಮೆ 30 ಪಾಲು, ಮುಂದೆ ಗಟ್ಟಿಮಾಡಲು ಸುಮಾರು 50 ಪಾಲು. ಕಾಗದದ ಮೇಲೆ ಒಂದು ಕಿಲೋಗೆ ಒಂದು ಕಿಲೋ ಸರಿಹೋಯಿತು. ಆದರೆ ಕಾಶಿಯ ಬಿಸಿಲು ತನ್ನ ಪಾಲನ್ನು ಬಿಡುವುದಿಲ್ಲ; ಕೋಣೆಯ ಗಾಳಿ, ನೆಲ, ನಿಮ್ಮ ಕೈ ಎಲ್ಲವೂ ಶಾಖ ಕೊಡುತ್ತಲೇ ಇರುತ್ತವೆ. ಆದುದರಿಂದ ಒಂದು ಕಿಲೋ ಕುಲ್ಫಿಗೆ ಮೂರರಿಂದ ನಾಲ್ಕು ಕಿಲೋ ಮಂಜುಗಡ್ಡೆ, ಅದರ ಕಾಲುಭಾಗ ಉಪ್ಪು ಹಿಡಿಯಿರಿ.

ಉಪ್ಪು ಹರಳುಪ್ಪಾಗಿರಬೇಕು, ಪುಡಿಯುಪ್ಪು ಬೇಗ ಕರಗಿ ತಳ ಸೇರುತ್ತದೆ. ನಮ್ಮ ಕಡೆ ‘ಕಲ್ಲುಪ್ಪು’ ಎನ್ನುತ್ತೇವೆಂದು ಇಲ್ಲಿಯ ಅಂಗಡಿಯಲ್ಲಿ ಕಲ್ಲಿನ ಉಪ್ಪು ಕೊಡೆಂದರೆ ಅವನು ಉಪವಾಸದವರು ಬಳಸುವ ಸೇಂಧಾ ನಮಕ್ ಕೊಟ್ಟಾನು. ಅದಕ್ಕೆ ದುಡ್ಡು ಹೆಚ್ಚು. ‘ಖಡಾ ನಮಕ್’ ಎಂದು ಕೇಳಿ.

ಪಾತ್ರೆಗಳ ವಿಚಾರ. ಒಳಗಿನದು ಸ್ಟೀಲಿನ ಟಿಫಿನ್ ಡಬ್ಬಿ. ಅರ್ಧ ಲೀಟರಿನ ಎರಡು, ಕಿರಿದಾಗಿ ಎತ್ತರವಾಗಿರುವುದು ಉತ್ತಮ. ಅಲ್ಯೂಮಿನಿಯಮ್ ಬೇಡ, ಹುಳಿಗೂ ಉಪ್ಪಿಗೂ ಅದು ಆಗದು. ಹೊರಗಿನದು ಮಣ್ಣಿನ ಮಡಕೆ. ಇಲ್ಲವೆ ಗೋಣಿತಾಟು ಸುತ್ತಿದ ಬಕೆಟ್ಟು. ಒಳಗಿನದು ಶಾಖವನ್ನು ಬೇಗ ಬಿಟ್ಟುಕೊಡಬೇಕು, ಹೊರಗಿನದು ಬೀದಿಯ ಶಾಖವನ್ನು ಒಳಗೆ ಬಿಡಬಾರದು, ಇದೇ ಸೂತ್ರ. ನಾನು ಮೊದಲ ಸಲ ಜಾಣತನ ತೋರಿಸಲು ಹೋಗಿ ಚಹಾದ ಮಣ್ಣಿನ ಕುಲ್ಹಡುಗಳಲ್ಲೇ ಮಾವಿನ ಹಾಲು ತುಂಬಿ ಉಪ್ಪು-ಬರಫಿನಲ್ಲಿ ಹೂತಿದ್ದೆ. ಮುಕ್ಕಾಲು ಗಂಟೆಯ ಮೇಲೆ ತೆಗೆದು ಪಕ್ಕದ ಮನೆಯ ಧಾರವಾಡದ ಅಜ್ಜಿಯವರಿಗೆ ಮೊದಲು ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದರು. “ಏನ್ ಮಾಡಿದ್ಯೋ ತಮ್ಮಾ! ಮಣ್ಣಿನ ಕುಡಿಕಿ ಉಪ್ಪುನೀರು ಕುಡೀಲಾರದ ಬಿಡ್ತದೇನು?” ಮೂರು ಲಂಗ್ಡಾ ಮಾವು, ಒಂದು ಲೀಟರ್ ಹಾಲು ಚರಂಡಿಗೆ ಹೋಯಿತು. ಕುಲ್ಹಡು ಬಡಿಸುವುದಕ್ಕೆ ಸರಿ, ಹೂಳುವುದಕ್ಕಲ್ಲ.

ಈಗ ಮಾಡುವ ಕ್ರಮ. ಒಂದು ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ ಕೆದಕುತ್ತ ಅರ್ಧಕ್ಕೆ ಇಳಿಸಿ. ನೂರು ಗ್ರಾಂ ಸಕ್ಕರೆ, ನಾಲ್ಕು ಏಲಕ್ಕಿಯ ಪುಡಿ ಹಾಕಿ ಇಳಿಸಿರಿ. ಹಾಲು ಪೂರ್ತಿ ತಣ್ಣಗಾದ ಮೇಲೆ ನಾನೂರು ಗ್ರಾಂನಷ್ಟು ಮಾವಿನ ತಿರುಳನ್ನು ಕಿವುಚಿ ಬೆರೆಸಬೇಕು. ಬಿಸಿ ಹಾಲಿಗೆ ಮಾವು ಹಾಕಿದರೆ ಅದರ ಹುಳಿಗೆ ಹಾಲು ಒಡೆಯುತ್ತದೆ. ಆತುರಗಾರರು ಮಾಡುವ ತಪ್ಪು ಇದು. ನಮ್ಮ ಮನೆಗಳಲ್ಲಿ ಮಾಡುವ ಸೀಕರಣೆಯೇ ಇದಲ್ಲವೆ ಎಂದರೆ ಹೌದು, ಅದೇ. ಹಾಲು ಮಾತ್ರ ಸ್ವಲ್ಪ ಗಟ್ಟಿ.

ಸಕ್ಕರೆಯನ್ನು ಕಡಿಮೆಮಾಡಿ ಉಳಿಸಲು ಹೋಗಬೇಡಿ, ಧಾರಾಳವನ್ನೂ ತೋರಬೇಡಿ. ನೀರು ಹೆಪ್ಪುಗಟ್ಟುವಾಗ ಸಕ್ಕರೆಯನ್ನು ಹೊರಗೆ ತಳ್ಳುತ್ತದೆ. ಆ ಸಕ್ಕರೆ ಉಳಿದ ನೀರಿನೊಡನೆ ಪಾಕವಾಗಿ ಹರಳುಗಳ ನಡುವೆ ನಿಂತು ತಿನಿಸನ್ನು ಮೃದುವಾಗಿಡುತ್ತದೆ. ಸಕ್ಕರೆ ಕಡಿಮೆಯಾದರೆ ಕಲ್ಲು, ಹೆಚ್ಚಾದರೆ ಎಷ್ಟು ಹೊತ್ತಿಗೂ ಗಟ್ಟಿಯಾಗದ ಗಂಜಿ. ಹಣ್ಣಿನ ಸ್ವಂತ ಸಿಹಿಯೂ ಸೇರಿ ಒಟ್ಟಿನಲ್ಲಿ ಐದರಲ್ಲಿ ಒಂದು ಭಾಗದಷ್ಟಿದ್ದರೆ ಸರಿ. ತಣ್ಣಗಾದಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ, ಹೂಳುವ ಮೊದಲು ರುಚಿ ನೋಡಿದಾಗ ‘ಒಂದು ಚೂರು ಜಾಸ್ತಿಯಾಯಿತಲ್ಲ’ ಎನ್ನಿಸಬೇಕು. ಸಕ್ಕರೆ ಕಾಯಿಲೆಯವರು ಇದನ್ನು ಮಾಡಿ ಮಕ್ಕಳಿಗೆ ಕೊಟ್ಟು ತಾವು ಒಂದು ಚಮಚಕ್ಕೆ ನಿಲ್ಲಿಸುವುದು ಕ್ಷೇಮ.

ಡಬ್ಬಿಗಳಿಗೆ ಮುಕ್ಕಾಲು ಮಾತ್ರ ತುಂಬಿ (ಗಟ್ಟಿಯಾಗುವಾಗ ಅದು ಉಬ್ಬುತ್ತದೆ), ಮುಚ್ಚಳ ಹಾಕಿ, ಸಂದಿಗೆ ಗೋಧಿ ಹಿಟ್ಟಿನ ಕಣಕವನ್ನು ಬಿಗಿಯಾಗಿ ಮೆತ್ತಿ. ಸಿಲ್ಲಿಯನ್ನು ಗೋಣಿಯಲ್ಲಿ ಸುತ್ತಿ ಒನಕೆಯಿಂದಲೋ ಲಟ್ಟಣಿಗೆಯಿಂದಲೋ ಅಡಿಕೆಯ ಗಾತ್ರಕ್ಕೆ ಜಜ್ಜಿ. ಮಡಕೆಯ ತಳದಲ್ಲಿ ಒಂದು ಪದರ ಬರಫ್, ಮೇಲೆ ಒಂದು ಹಿಡಿ ಉಪ್ಪು. ಡಬ್ಬಿಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಸುತ್ತಲೂ ಹೀಗೆಯೇ ಪದರ ಪದರವಾಗಿ ತುಂಬುತ್ತ ಬನ್ನಿ. ಉಪ್ಪುನೀರು ಮುಚ್ಚಳದ ಮಟ್ಟಕ್ಕೆ ಏರದಂತೆ ನೋಡಿಕೊಳ್ಳಿ. ಕೆಳಗೆ ನಿಂತ ನೀರನ್ನು ಪೂರ್ತಿ ಚೆಲ್ಲಬೇಡಿ. ಡಬ್ಬಿಯ ಮೈಗೆ ಎಲ್ಲ ಕಡೆಯೂ ತಾಗುವುದು ಆ ನೀರೇ, ತಂಪನ್ನು ಮುಟ್ಟಿಸುವುದೂ ಅದೇ.

ಮೇಲೆ ಒದ್ದೆ ಗೋಣಿ ಹೊದೆಸಿ ಐದೈದು ನಿಮಿಷಕ್ಕೊಮ್ಮೆ ಮಡಕೆಯನ್ನು ಎರಡೂ ಕೈಯಿಂದ ಹಿಡಿದು ಅತ್ತ ಇತ್ತ ತಿರುಗಿಸುತ್ತಿರಬೇಕು. ಅಲುಗಿಸಿದರೆ ಹರಳುಗಳು ಸಣ್ಣವಾಗುತ್ತವೆ, ಅಲುಗಿಸದಿದ್ದರೆ ದೊಡ್ಡ ಸೂಜಿಗಳಾಗಿ ನಾಲಗೆಗೆ ಚುಚ್ಚುತ್ತವೆ. ಇದು ಮಕ್ಕಳಿಗೆ ಪ್ರಿಯವಾದ ಕೆಲಸ. ಆದರೆ ಮಡಕೆಯೊಳಗೆ ಬೆರಳು ಹಾಕಲು ಬಿಡಬೇಡಿ. ಆ ನೀರು ಮಂಜಿಗಿಂತಲೂ ತಣ್ಣಗಿರುತ್ತದೆ, ಬಹಳ ಹೊತ್ತು ತಾಗಿದರೆ ಚರ್ಮ ಸುಟ್ಟಂತಾಗುವುದು. ಒಂದು ಗಂಟೆಯ ಹೊತ್ತಿಗೆ ತಿನ್ನಲು ಸಿದ್ಧ. ಡಬ್ಬಿಯನ್ನು ತೆಗೆದೊಡನೆ ತೆರೆಯಬೇಡಿ. ಹೊರಮೈಯನ್ನು ಒಳ್ಳೆಯ ನೀರಿನಲ್ಲಿ ತೊಳೆದು, ಒರೆಸಿ, ಕಣಕವನ್ನು ಕಿತ್ತೆಸೆದು, ಮತ್ತೊಮ್ಮೆ ಒರೆಸಿದ ಮೇಲೆಯೇ ಮುಚ್ಚಳ ತೆಗೆಯತಕ್ಕದ್ದು. ಇಷ್ಟು ಹೊತ್ತು ಹೊರಗಿಟ್ಟ ಬರಫ್ ಕೊನೆಯ ಗಳಿಗೆಯಲ್ಲಿ ಒಂದು ಹನಿಯಾಗಿ ಒಳಗೆ ಬಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಹಣ್ಣುಗಳ ಮಾತಿಗೆ ಬರೋಣ. ಬನಾರಸಿ ಲಂಗ್ಡಾ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಜೂನ್ ನಡುವಿನಿಂದ ಅದರ ಕಾಲ. ನಮ್ಮ ಬಾದಾಮಿ, ರಸಪುರಿಗಳಂತೆ ಹಳದಿಯಾಗಲೆಂದು ಕಾದು ಕುಳಿತರೆ ಕೊಳೆತೇಹೋಗುತ್ತದೆ. ಲಂಗ್ಡಾ ಹಣ್ಣಾದರೂ ಹಸಿರೇ. ತೊಟ್ಟಿನ ಬಳಿ ಮೂಸಿ ನೋಡಿ, ಹೆಬ್ಬೆರಳಿಗೆ ತುಸು ಮೆತ್ತಗಿದ್ದರೆ ಕೊಳ್ಳಿ. ಮನೆಗೆ ತಂದು ತೊಟ್ಟು ತೆಗೆದು ಒಂದು ಗಂಟೆ ನೀರಿನಲ್ಲಿ ನೆನೆಸಿದರೆ ಸೊನೆ ಹೋಗುತ್ತದೆ. ನಾಲ್ಕು ಮನೆಯವರು ಕೂಡಿ ಪಹಾಡಿಯಾ ಮಂಡಿಗೆ ಬೆಳಗ್ಗೆಯೇ ಹೋದರೆ ಬೆಲೆಯಲ್ಲಿ ಗೆಲ್ಲಬಹುದು.

ಮಾವಿಗೆ ಮುಂಚೆ ಬರುವುದು ಕರಬೂಜ. ಊರಿನಲ್ಲಿ ರಾಮನವಮಿಗೆ ಕರಬೂಜದ ಪಾನಕ ಕುಡಿದವರಿಗೆ ಇದು ಹೊಸತಲ್ಲ: ಅರ್ಧ ಕಿಲೋ ತಿರುಳು, ಎಪ್ಪತ್ತು ಗ್ರಾಂ ಬೆಲ್ಲ, ಏಲಕ್ಕಿ, ಅರ್ಧ ನಿಂಬೆಹಣ್ಣು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಸೋಸಿ ಆರಿಸಿ ಬೆರೆಸಬೇಕು. ಹಾಲು ಬೇಡ.

ಬೇಲದ ಹಣ್ಣಿನ ವಿಷಯದಲ್ಲಿ ಹೊಸಬರೆಲ್ಲ ಒಮ್ಮೆ ಮೋಸಹೋಗುತ್ತಾರೆ. ಇಲ್ಲಿ ‘ಬೇಲ್’ ಎಂದರೆ ನಮ್ಮ ಬಿಲ್ವ. ನಮ್ಮ ಬೇಲದ ಹಣ್ಣಿಗೆ ಇಲ್ಲಿಯವರು ‘ಕೈಥಾ’ ಎನ್ನುತ್ತಾರೆ. ಬಿಲ್ವದ ಎಲೆಯನ್ನಷ್ಟೇ ಬಲ್ಲ ನಮ್ಮವರು ಅದರ ಹಣ್ಣನ್ನು ಕಂಡು ಬೆರಗಾಗುವುದುಂಟು. ಕಾಶಿಯವರಿಗೋ ಬೇಸಗೆಯಲ್ಲಿ ಅದೇ ಪಾನಕ. ಮಾಗಿದ ಒಂದು ಹಣ್ಣನ್ನು ಒಡೆದು, ತಿರುಳನ್ನು ಒಂದು ಲೋಟ ಕುದಿಸಿ ಆರಿಸಿದ ನೀರಿನಲ್ಲಿ ಗಂಟೆ ಹೊತ್ತು ನೆನೆಸಿ, ಕೈಯಲ್ಲೇ ಕಿವುಚಿ ಸೋಸಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿಯಾಗುತ್ತದೆ. ಎಂಬತ್ತು ಗ್ರಾಂ ಸಕ್ಕರೆ ಸಾಕು.

ಮೇ ತಿಂಗಳಲ್ಲಿ ಬುಟ್ಟಿಯಲ್ಲಿ ಹೊತ್ತು ತರುವ ನೇರಳೆ ಬಣ್ಣದ ಪುಟ್ಟ ಫಾಲ್ಸಾ ನನಗೆ ಇವೆಲ್ಲಕ್ಕಿಂತ ಇಷ್ಟ. ಕಾಲು ಕಿಲೋ ಹಣ್ಣನ್ನು ತೊಳೆದು ನೂರು ಗ್ರಾಂ ಸಕ್ಕರೆಯೊಡನೆ ಹಿಸುಕಿ, ಒಂದೂವರೆ ಲೋಟ ನೀರು ಸೇರಿಸಿ ಸೋಸಿ, ಚಿಟಿಕೆ ಕರಿಯುಪ್ಪು ಹಾಕಿರಿ. ಹುಳಿಯೂ ಸಿಹಿಯೂ ಸಮನಾಗಿ ನಿಲ್ಲುವ ಹಣ್ಣು ಇದು. ಮಂಗಳೂರು ಕಡೆಯವರು ಬಾಳೆಹಣ್ಣಿನ ರಸಾಯನವನ್ನೇ, ತೆಂಗಿನ ಹಾಲು ಬೆಲ್ಲಗಳೊಡನೆ, ಡಬ್ಬಿಗೆ ತುಂಬಿ ಹೂಳಬಹುದು. ನಾನು ತಿಂದು ನೋಡಿದ್ದೇನೆ, ಹೆಸರು ಬದಲಾಯಿಸಬೇಕಾದಷ್ಟು ಚೆನ್ನಾಗಿತ್ತು.

ದಕ್ಷಿಣ ಕನ್ನಡದ ಮಾತು ಬಂದಾಗ ಒಬ್ಬರನ್ನು ನೆನೆಯಬೇಕು. ಹಣ್ಣು ಮಾರುತ್ತಿದ್ದ ತಂದೆಯ ಮಗ ರಘುನಂದನ ಕಾಮತ್ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರಲ್ಲಿ ಜುಹುವಿನಲ್ಲಿ ಸಣ್ಣ ಅಂಗಡಿಯಿಟ್ಟು ಹಾಲು, ಹಣ್ಣು, ಸಕ್ಕರೆ ಇವಿಷ್ಟರಿಂದಲೇ ಐಸ್‌ಕ್ರೀಮ್ ಮಾಡಿ ಮಾರಿದರು. ಮೊದಮೊದಲು ಗಿರಾಕಿಗಳನ್ನು ಸೆಳೆಯಲು ಪಾವ್‌ಭಾಜಿಯನ್ನೂ ಇಟ್ಟಿದ್ದರಂತೆ. ಆ ಅಂಗಡಿಯೇ ಬೆಳೆದು ‘ನ್ಯಾಚುರಲ್’ ಎಂಬ ಹೆಸರಿನಿಂದ ಹಲವು ಊರುಗಳಿಗೆ ಹಬ್ಬಿತು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ತಂದೆಯ ಬಳಿ ಕಲಿತದ್ದು ಯಾವ ಹಣ್ಣು ಮಾಗಿದೆ, ಯಾವುದು ಮಾಗಿಲ್ಲ ಎಂಬುದನ್ನು ಮುಟ್ಟಿ ತಿಳಿಯುವ ವಿದ್ಯೆ. ಎಳನೀರಿನ ಐಸ್‌ಕ್ರೀಮಿನವರೆಗೆ ಅವರನ್ನು ಒಯ್ದದ್ದು ಅದೇ.

ಮನೆಯಲ್ಲಿ ಫ್ರಿಜ್ ಇರುವವರಿಗೆ ಮಡಕೆಯ ತೊಂದರೆ ಬೇಡ. ಎರಡು ಗಂಟೆ ಮುಂಚಿತವಾಗಿ ತಿರುಪನ್ನು ಅತಿ ತಂಪಿಗೆ ತಿರುಗಿಸಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಬೆರಳು ದಪ್ಪಕ್ಕೆ ರಸ ಹೊಯ್ದು ಮೇಲಿನ ಗೂಡಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆರೆದು ಪುಡಿಮಾಡುತ್ತಿರಿ. ನಾಲ್ಕೈದು ಸಲ ಕೆರೆದರೆ ಸಾಕು. ಮಾಗಿದ ಬಾಳೆಹಣ್ಣನ್ನು ಬಿಲ್ಲೆಮಾಡಿ ರಾತ್ರಿಯೆಲ್ಲ ಗಟ್ಟಿಮಾಡಿ ಬೆಳಗ್ಗೆ ಮಿಕ್ಸಿಯಲ್ಲಿ ತಿರುವಿದರೆ ಹಾಲೂ ಸಕ್ಕರೆಯೂ ಇಲ್ಲದೆ ಕೆನೆಯಂತಹ ತಿನಿಸಾಗುತ್ತದೆ. ಕರೆಂಟು ಹೋಗಿ ಕರಗಿದ ಹಾಲಿನ ಕುಲ್ಫಿಯನ್ನು ಮಾತ್ರ ಮತ್ತೆ ಗಟ್ಟಿಮಾಡಿ ತಿನ್ನಬೇಡಿ. ಮಡಕೆಯ ಕುಲ್ಫಿಗೆ ಆ ಭಯವಿಲ್ಲ, ಅದು ಉಳಿಯುವುದೇ ಇಲ್ಲ.

ಕೆಲಸ ಮುಗಿದ ಮೇಲೆ ಮಡಕೆಯಲ್ಲಿ ಉಳಿದ ಉಪ್ಪುನೀರನ್ನು ತುಳಸಿಯ ಬುಡಕ್ಕೆ ಹೊಯ್ಯಬೇಡಿ, ಗಿಡ ಸಾಯುತ್ತದೆ. ಅಗಲವಾದ ಹಳೆಯ ಪ್ಲಾಸ್ಟಿಕ್ ತಟ್ಟೆಗಳಲ್ಲಿ ತೆಳ್ಳಗೆ ಹೊಯ್ದು ಮಾಳಿಗೆಯ ಮೇಲೆ ಬಿಸಿಲಿಗೆ ಇಡಿ. ಕೆಲವು ದಿನಗಳಲ್ಲಿ ನೀರೆಲ್ಲ ಆರಿ ಉಪ್ಪು ಮತ್ತೆ ಹರಳುಗಟ್ಟಿ ಕೂತಿರುತ್ತದೆ. ಕೆರೆದು ಡಬ್ಬಿಗೆ ತುಂಬಿ ‘ಅಡಿಗೆಗಲ್ಲ’ ಎಂದು ಚೀಟಿ ಅಂಟಿಸಿಡಿ. ಮುಂದಿನ ಭಾನುವಾರಕ್ಕೆ ಆಗುತ್ತದೆ.